ಶಾಲೆಯ ಹೆಸರಿನಲ್ಲಿ ಎತ್ತಿದ ಹಣವೆಲ್ಲಿ?

2022ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆಯಿಂದ ಒಂದು ಸುತ್ತೋಲೆ ಹೊರಟಿತು. ಸರ್ಕಾರಿ ಶಾಲೆಯ ಮಕ್ಕಳ ತಂದೆತಾಯಿಗಳಿಂದ ತಿಂಗಳಿಗೆ 100 ರೂಪಾಯಿ ದೇಣಿಗೆಯನ್ನು ಶಾಲಾಭಿವೃದ್ಧಿ ಸಮಿತಿಗಳು ಪಡೆಯಬಹುದೆಂಬುದು ಅದರ ಸಾರ. ಕುಡಿಯುವ ನೀರು, ವಿದ್ಯುತ್ ಬಿಲ್ಲು ಮೊದಲಾದ ಖರ್ಚುಗಳಿಗಂತೆ! ಒತ್ತಾಯವಿಲ್ಲ, ಇಷ್ಟವಿದ್ದವರು ಕೊಡಲಿ ಎಂಬ ಸಮಜಾಯಿಷಿಯೂ ಇತ್ತು. ದಿನಬೆಳಗಾದರೆ ಮಗುವನ್ನು ಅದೇ ಗುರುಗಳ ಕೈಗೆ ಒಪ್ಪಿಸಬೇಕಾದ ತಾಯಿಗೆ ಇಷ್ಟವೇನು, ಒತ್ತಾಯವೇನು? ನಾಡೆಲ್ಲ ಛೀಮಾರಿ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು.

ವಾಪಸಾದದ್ದು ಕಾಗದ ಮಾತ್ರ. ಶಾಲೆಯ ನೀರಿಗೂ ದೀಪಕ್ಕೂ ಬೊಕ್ಕಸದಲ್ಲಿ ಹಣವಿಲ್ಲವೆಂಬ ಮಾತು ವಾಪಸಾಗಲಿಲ್ಲ. ಆ ಮಾತು ನಿಜವೇ ಎಂದು ನಾವು ಕೇಳುತ್ತೇವೆ.

ಶಾಲೆಗೆಂದು ಜನ ಕೊಡದೆ ಉಳಿಸಿಕೊಂಡ ಹಣ ಯಾವುದು? 2004ರಲ್ಲಿ ಕೇಂದ್ರ ಸರ್ಕಾರವು ಪ್ರಾಥಮಿಕ ಶಿಕ್ಷಣಕ್ಕೆಂದು ತೆರಿಗೆಯ ಮೇಲೆ ನೂರಕ್ಕೆ 2ರಂತೆ ಸೆಸ್ ಹಾಕಿತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೊಂದು ಸೇರಿತು. 2015ರವರೆಗೆ ಇವು ಆದಾಯ ತೆರಿಗೆಗೆ ಮಾತ್ರವಲ್ಲ, ಕಾರ್ಖಾನೆಯ ಸರಕಿನ ಎಕ್ಸೈಸ್ ಸುಂಕಕ್ಕೂ ಸೇವಾ ತೆರಿಗೆಗೂ ಅಂಟಿಕೊಂಡಿದ್ದವು. ಎಂದರೆ ಪಾಳಿ ಮುಗಿಸಿ ಸಾಬೂನು ಕೊಂಡ ಗಿರಣಿಯಾಳೂ ಟೆಲಿಫೋನ್ ಬಿಲ್ಲು ಕಟ್ಟಿದ ಅಂಗಡಿಕಾರನೂ ಶಾಲೆಗೆಂದು ಕಾಸು ತೆತ್ತವರೇ. ಆಮೇಲೆ ಜಿಎಸ್‌ಟಿ ಬಂತು. ಮಗುವಿನ ನೋಟ್‌ಪುಸ್ತಕ, ಪೆನ್ಸಿಲುಗಳ ಮೇಲೆಯೇ ನೂರಕ್ಕೆ 12! 2017ರ ಜುಲೈನಿಂದ 2025ರ ಸೆಪ್ಟೆಂಬರಿನವರೆಗೆ, ಎಂಟು ವರ್ಷ, ಅದನ್ನು ವಸೂಲು ಮಾಡಿ, ಕೊನೆಗೊಮ್ಮೆ ಕೈಬಿಟ್ಟು, ಹಬ್ಬದ ಕೊಡುಗೆಯೆಂದು ಡಂಗುರ ಸಾರಿದರು.

ಪ್ರೌಢ ಶಿಕ್ಷಣದ ಹೆಸರಿನ ಸೆಸ್ಸಿಗೆ ಪ್ರತ್ಯೇಕ ನಿಧಿಯೊಂದನ್ನು ಮಂಜೂರು ಮಾಡಿದ್ದು 2017ರಲ್ಲಿ! ಅಷ್ಟರಲ್ಲಿ 80,000 ಕೋಟಿ ರೂಪಾಯಿಗೂ ಮಿಕ್ಕಿ ವಸೂಲಾದ ಹಣ ಕೇಂದ್ರದ ಸಾಮಾನ್ಯ ಬೊಕ್ಕಸದಲ್ಲೇ ಉಳಿದಿತ್ತೆಂದು ಸಿಎಜಿ ವರದಿ ಹೇಳಿತು. ಹತ್ತು ವರ್ಷ ಖಾತೆಯನ್ನೇ ತೆರೆಯದ ವ್ಯಾಪಾರಿಯನ್ನು ಯಾವ ಅಧಿಕಾರಿ ಬಿಟ್ಟಾನು? 2025ರ ಜುಲೈನಲ್ಲಿ, ಫೋನಿನ ಮೂಲಕ ಹಣ ಪಡೆದ ಲೆಕ್ಕ ಹಿಡಿದು ಬೇಕರಿ, ಬೀಡಾ ಅಂಗಡಿಗಳ ಬಾಗಿಲಿಗೆ ರಾಜ್ಯದ ತೆರಿಗೆ ಇಲಾಖೆಯ ನೋಟೀಸು ಬಂದುದನ್ನು ನಮ್ಮ ವ್ಯಾಪಾರಿ ಮಿತ್ರರು ಮರೆತಿಲ್ಲ. ಗಲಾಟೆಯಾದ ಮೇಲೆ ಹಳೆಯ ಬಾಕಿ ಕೇಳುವುದಿಲ್ಲವೆಂದರು, ಆ ಮಾತು ಬೇರೆ.

ಕೈಚಳಕವಿರುವುದು ಮುಂದೆ. ಸಂವಿಧಾನದ 270ನೇ ವಿಧಿಯಂತೆ ಕೇಂದ್ರವು ತೆರಿಗೆಯನ್ನು ರಾಜ್ಯಗಳೊಡನೆ ಹಂಚಿಕೊಳ್ಳಬೇಕು, ಸೆಸ್ಸನ್ನು ಹಂಚಬೇಕಾಗಿಲ್ಲ. ಗುರುಗಳ ಸಂಬಳದ ಬಹುಭಾಗ ಹೊರುವುದು ರಾಜ್ಯ. ಶಾಲೆಯ ಹೆಸರು ಹೇಳಿ ಹಣ ಎತ್ತುವವರು ಒಬ್ಬರು, ಶಾಲೆ ನಡೆಸುವವರು ಇನ್ನೊಬ್ಬರು! 2018ರಲ್ಲಿ ಆರೋಗ್ಯದ ಹೆಸರನ್ನೂ ಸೇರಿಸಿ ಸೆಸ್ಸನ್ನು 3ರಿಂದ 4ಕ್ಕೆ ಏರಿಸಿದರು. ಮರುವರ್ಷವೇ ಕಂಪನಿಗಳ ತೆರಿಗೆಯ ದರವನ್ನು, ಬೇರೆ ವಿನಾಯಿತಿ ಬಿಡುವ ಷರತ್ತಿನ ಮೇಲೆ, 30ರಿಂದ 22ಕ್ಕೆ ಇಳಿಸಿದರು. ವರ್ಷಕ್ಕೆ 1,45,000 ಕೋಟಿ ಖೋತಾ ಎಂದು ಸರ್ಕಾರವೇ ಅಂದಾಜು ಹೇಳಿತು. ಕಂಪನಿ ತೆರಿಗೆ ಹಂಚಬೇಕಾದ ತೆರಿಗೆ; ಆಗ ರಾಜ್ಯಗಳ ಪಾಲು ನೂರಕ್ಕೆ 42. ಹಂಚಬೇಕಾದದ್ದನ್ನು ಧನಿಕರಿಗೆ ಬಿಟ್ಟುಕೊಟ್ಟರು, ಹಂಚಬೇಕಿಲ್ಲದ್ದನ್ನು ತಾವಿಟ್ಟುಕೊಂಡರು. ಇದರ ಮೇಲೆ 15ನೇ ಹಣಕಾಸು ಆಯೋಗವು 2021-26ಕ್ಕೆ ಕರ್ನಾಟಕದ ಪಾಲನ್ನು 4.713ರಿಂದ 3.647ಕ್ಕೆ ತಗ್ಗಿಸಿತು. ಸೆಸ್ಸಿನ ಹಣ ಯೋಜನೆಯ ರೂಪದಲ್ಲಿ ಬರುತ್ತದಲ್ಲ ಎನ್ನುವವರಿದ್ದಾರೆ. ಬರುತ್ತದೆ, ಹಕ್ಕಿನ ಪಾಲಾಗಿ ಅಲ್ಲ; ರಾಜ್ಯ ತನ್ನ ನೂರಕ್ಕೆ 40 ಹಾಕಿದರೆ, ಷರತ್ತುಗಳ ಕಂತಾಗಿ.

ಹಾಗೆಂದು ವಿಧಾನಸೌಧದವರನ್ನು ನಾವು ಬಿಡುವುದಿಲ್ಲ. 2025-26ರ ರಾಜ್ಯದ ಆಯವ್ಯಯ 4,09,549 ಕೋಟಿ. ಅದರಲ್ಲಿ ಶಿಕ್ಷಣಕ್ಕೆ 45,286 ಕೋಟಿ, ನೂರಕ್ಕೆ ಹನ್ನೊಂದರಷ್ಟು. ಖಾಲಿ ಹುದ್ದೆಗಳಿಗೆ ಗುರುಗಳನ್ನು ನೇಮಿಸುವ ಬದಲು ‘ಅತಿಥಿ’ ಶಿಕ್ಷಕರನ್ನು ತಂದು ಕೂರಿಸುವುದು ರೂಢಿಯಾಗಿದೆ. ನಮ್ಮ ಕಡೆ ಅತಿಥಿಯೆಂದರೆ ಮಣೆ ಹಾಕಿ ಉಣಬಡಿಸುತ್ತಾರೆ. ಈ ಅತಿಥಿಗೆ ಸಂಬಳವೆಂಬ ಹೆಸರೂ ಇಲ್ಲ, ಗೌರವಧನ! ಆ ಆಯವ್ಯಯದಲ್ಲಿ ಅದಕ್ಕೆ 2,000 ರೂಪಾಯಿ ಕೂಡಿಸಿದ್ದನ್ನೇ ಸಾಧನೆಯೆಂದು ಎಣಿಸಿಕೊಂಡರು.

ತೆರಿಗೆಯೇ ಬೇಡವೆಂಬ ಕೂಗಿಗೆ ವ್ಯಾಪಾರಿ ಮಿತ್ರರು ಮರುಳಾಗಬಾರದು. ಆ ಕೂಗಿನ ಲಾಭ 2019ರಲ್ಲಿ ಯಾರಿಗೆ ಸಿಕ್ಕಿತೆಂದು ಮೇಲೆ ನೋಡಿದಿರಿ. ಕಂಪನಿಯಲ್ಲದ ಬೀದಿಯ ಅಂಗಡಿಗೆ ಅದರಲ್ಲಿ ಬಿಡಿಗಾಸೂ ಇರಲಿಲ್ಲ. ಸರ್ಕಾರಿ ಶಾಲೆ ಸೊರಗಿತೆಂದು ಸಾಲ ಮಾಡಿ ಖಾಸಗಿ ಶಾಲೆಯ ಫೀಸು ಕಟ್ಟುವ ಅಂಗಡಿಕಾರ ಒಂದೇ ವಿದ್ಯೆಗೆ ಎರಡು ಸಲ ದುಡ್ಡು ಕೊಡುತ್ತಿದ್ದಾನೆ. ಗಿರಣಿಯಾಳಿಗೆ ಆ ಎರಡನೆಯ ದಾರಿಯೂ ಇಲ್ಲ.

ಮುಂದಿನ ಆಯವ್ಯಯಕ್ಕೆ ಮುಂಚೆ ಶಾಸಕ ಮಹಾಶಯರು ಊರಿಗೆ ಬಂದಾಗ, ಹಾರ ಹಾಕುವ ಮೊದಲು ಲೆಕ್ಕ ಕೇಳಿರಿ: ತಾಲ್ಲೂಕಿನಲ್ಲಿ ಎಷ್ಟು ಗುರುಗಳ ಹುದ್ದೆ ಖಾಲಿ ಇವೆ? ಶಾಲೆಗಳ ನಿರ್ವಹಣೆಗೆ ಎಷ್ಟು ಹಣ, ಯಾವ ತಿಂಗಳಲ್ಲಿ ಬಂತು? ಬಾರದ ಹಣ ಯಾರ ಮೇಜಿನ ಮೇಲೆ ನಿಂತಿದೆ? ಉತ್ತರವನ್ನು ಬರವಣಿಗೆಯಲ್ಲೇ ಪಡೆದು ನಮಗೆ ಕಳಿಸಿರಿ. ಅದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.