ದಿಬ್ಬಕ್ಕೆ ಹೊರಡುವ ಮುನ್ನ

ಸಂಗಾರೆಡ್ಡಿ ಜಿಲ್ಲೆಯ ಕೊಂಡಾಪುರದ ಮಣ್ಣುದಿಬ್ಬದಲ್ಲಿ ನಿಜಾಮರ ಆಳ್ವಿಕೆಯ ಪುರಾತತ್ವ ಇಲಾಖೆಯು 1940ರ ದಶಕದ ಆರಂಭದಲ್ಲಿ ಉತ್ಖನನ ನಡೆಸಿ, ಶಾತವಾಹನರ ಕಾಲದ ನಾಣ್ಯ, ಮಣಿ, ಮಣ್ಣಿನ ಗೊಂಬೆಗಳನ್ನು ಬೆಳಕಿಗೆ ತಂದಿತು. ಅವುಗಳಲ್ಲಿ ಹಲವನ್ನು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕನ್ನಡ ಶಾಲೆಗಳ ಮಕ್ಕಳಿಗೆ ಇದು ಯೋಗ್ಯ ಪ್ರವಾಸಸ್ಥಳ.

ಅಂಥಲ್ಲಿಗೆ ಹೊಸ ಉಡುಪು ಸಲ್ಲದು. ತುಂಬುತೋಳಿನ ಸಡಿಲ ಹತ್ತಿಯ ಅಂಗಿ, ಕುಕ್ಕರುಗಾಲಿನಲ್ಲಿ ಕೂರಲು ಅಡ್ಡಿಯಾಗದ ಷರಾಯಿ, ಕುತ್ತಿಗೆಗೂ ನೆರಳೀಯುವ ಅಗಲ ಅಂಚಿನ ಟೋಪಿ ಸಾಕು. ದುಪಟ್ಟಾ ಇದ್ದರೆ ಸೊಂಟಕ್ಕೆ ಬಿಗಿಯಬೇಕು. ಮುಳ್ಳು, ಚೇಳುಗಳಿರುವ ನೆಲದಲ್ಲಿ ಚಪ್ಪಲಿ ತರವಲ್ಲ. ಪಾದ ಮುಚ್ಚುವ ಬೂಟನ್ನು ಕೊಡವಿಯೇ ತೊಡಬೇಕು. ಮಳೆಯಲ್ಲಿ ಎರೆಮಣ್ಣು ಕಾಲಿಗಂಟುವುದರಿಂದ ಚಳಿಗಾಲವೇ ಲೇಸು.

ಚೀಲದಲ್ಲಿ ನೀರು, ಟಿಪ್ಪಣಿ ಪುಸ್ತಕ, ಅಳತೆಪಟ್ಟಿ, ಪೆನ್ಸಿಲ್ ಇರಲಿ. ಬೆವರು ತಾಗಿದರೆ ಶಾಯಿ ಹರಡುತ್ತದೆ. ಪೆನ್ಸಿಲಿನ ಬರಹ ಹರಡದು. ಕರಣೆ, ಗುದ್ದಲಿಗಳು ಮಾತ್ರ ಮನೆಯಲ್ಲೇ ಉಳಿಯಲಿ. ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯು ನಿಷೇಧಿಸಿದೆ.

ಜೇಬಿನ ವಿಷಯದಲ್ಲಿಯೂ ಎಚ್ಚರ ಬೇಕು. ಮಡಕೆಯ ಚೂರು ಯಾವ ಪದರದಲ್ಲಿ, ಯಾವ ವಸ್ತುಗಳ ಜೊತೆ ಇತ್ತೆಂಬುದರಿಂದಲೇ ಅದರ ಕಾಲ ನಿರ್ಣಯವಾಗುತ್ತದೆ. ನೆನಪಿಗೆಂದು ಮಗು ಎತ್ತಿ ತಂದ ಚೂರು ಆ ಸಾಕ್ಷ್ಯವನ್ನು ಕಳೆದುಕೊಂಡು ಬರಿಯ ಹೆಂಚಿನ ತುಂಡಾಗುತ್ತದೆ. ಆದ್ದರಿಂದ ಕಂಡ ವಸ್ತುವನ್ನು ಮುಟ್ಟದೆ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಚಿತ್ರ ಬರೆದುಕೊಂಡು, ಸ್ಥಳ, ದಿನಾಂಕಗಳನ್ನು ಗುರುತಿಸಿ ಶಿಕ್ಷಕರಿಗೆ ತಿಳಿಸುವುದನ್ನು ಪಾಲಕರು ಹೊರಡುವ ಮುನ್ನವೇ ಮಕ್ಕಳಿಗೆ ಕಲಿಸಬೇಕು.