ಶಿಲುಬೆ ಬೇಕು, ಕ್ರಿಸ್ತ ಬೇಡ

2014ರ ಡಿಸೆಂಬರ್ 22ರ ಸಂಜೆ ಜರ್ಮನಿಯ ಡ್ರೆಸ್ಡೆನ್ ನಗರದ ಒಪೆರಾ ಭವನದ ಮುಂದೆ ಸುಮಾರು 17,500 ಜನ ಸೇರಿ ಕ್ರಿಸ್‌ಮಸ್ ಹಾಡುಗಳನ್ನು ಹಾಡಿದರು. ಹಾಡಿಸಿದ್ದು ಚರ್ಚಲ್ಲ, ‘ಪೆಗಿಡಾ’. ಯುರೋಪ್ ಮುಸ್ಲಿಮರ ಪಾಲಾಗುತ್ತಿದೆ ಎಂದು ಹುಯಿಲೆಬ್ಬಿಸಿ ಎರಡು ತಿಂಗಳ ಹಿಂದಷ್ಟೇ ಹುಟ್ಟಿಕೊಂಡಿದ್ದ ಸಂಘಟನೆ ಅದು. ಅದರ ಮೆರವಣಿಗೆಗಳಲ್ಲಿ ರಾಷ್ಟ್ರಧ್ವಜದ ಕಪ್ಪು, ಕೆಂಪು, ಹೊನ್ನಿನ ಬಣ್ಣ ಬಳಿದ ದೊಡ್ಡ ಶಿಲುಬೆಯೊಂದು ಎದ್ದು ಕಾಣುತ್ತಿತ್ತು. ಡ್ರೆಸ್ಡೆನ್ ಇರುವ ಸ್ಯಾಕ್ಸನಿ ರಾಜ್ಯದಲ್ಲಾದರೋ ನಾಲ್ವರಲ್ಲಿ ಮೂವರು ಯಾವ ಚರ್ಚಿಗೂ ಸೇರಿದವರಲ್ಲ. ಮುಸ್ಲಿಮರು ಆಗ ನೂರಕ್ಕೆ ಒಬ್ಬರೂ ಇರಲಿಲ್ಲ.

ಚರ್ಚಿನ ಬೆಂಚು ಖಾಲಿಯಾದ ಊರಿನಲ್ಲೇ ಶಿಲುಬೆ ಬೀದಿಗಿಳಿದದ್ದು ಆಕಸ್ಮಿಕವಲ್ಲ. ತೀವ್ರ ಬಲಪಂಥಕ್ಕೆ ಬೇಕಿರುವುದು ಕ್ರೈಸ್ತರೆಂಬ ಗುರುತು, ಕ್ರಿಸ್ತನ ಮಾತಲ್ಲ. ಮಾತನ್ನು ಒಪ್ಪಿಕೊಂಡರೆ ಪರದೇಶಿಗೆ ಮನೆಯ ಬಾಗಿಲು ತೆಗೆಯಬೇಕಾಗುತ್ತದೆ. ಗುರುತಿಗೆ ಆ ತಂಟೆಯಿಲ್ಲ. ಒಳಗಿನವರು ಯಾರು, ಹೊರಗಿನವರು ಯಾರು ಎಂದು ಗೆರೆ ಎಳೆದರೆ ಅದರ ಕೆಲಸ ಮುಗಿಯಿತು.

2019ರ ಮೇ ತಿಂಗಳಲ್ಲಿ ಇಟಲಿಯ ಅಂದಿನ ಗೃಹಸಚಿವ ಮತ್ತೆಯೊ ಸಲ್ವಿನಿ ಮಿಲಾನ್ ನಗರದ ಚುನಾವಣಾ ವೇದಿಕೆಯಲ್ಲಿ ಜಪಸರ ಹಿಡಿದು ನಿಂತು, ಯುರೋಪಿನ ಪೋಷಕ ಸಂತರನ್ನು ಸ್ಮರಿಸಿ, ಇಟಲಿಯನ್ನು ಮಾತೆ ಮರಿಯಳಿಗೆ ಒಪ್ಪಿಸಿ, ಆಕೆ ತಮ್ಮನ್ನು ಗೆಲ್ಲಿಸುವಳೆಂದರು. ಸಮುದ್ರದಲ್ಲಿ ಮುಳುಗುತ್ತಿದ್ದವರನ್ನು ಎತ್ತಿಕೊಂಡು ಬಂದ ಹಡಗುಗಳಿಗೆ ಬಂದರು ಮುಚ್ಚಿಸಿದವರೂ ಅವರೇ. ಅಂದು ಭಾಷಣದ ನಡುವೆ ವಲಸಿಗರ ಪರ ನಿಂತ ಪೋಪ್ ಫ್ರಾನ್ಸಿಸ್ ಹೆಸರು ಬಂದಾಗ ಸಭೆಯಿಂದ ಧಿಕ್ಕಾರದ ಕೂಗೆದ್ದಿತು. ಜಪಸರಕ್ಕೆ ಜೈಕಾರ, ಪೋಪರಿಗೆ ಧಿಕ್ಕಾರ! ಸ್ವಂತಕ್ಕಾಗಿ ದೇವರ ಹೆಸರೆತ್ತುವುದು ಯಾವತ್ತೂ ಅಪಾಯವೆಂದು ವ್ಯಾಟಿಕನ್ನಿನ ರಾಜ್ಯ ಕಾರ್ಯದರ್ಶಿ ಕಾರ್ಡಿನಲ್ ಪರೋಲಿನ್ ಎಚ್ಚರಿಸಿದರು. ಮರುವಾರದ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಸಲ್ವಿನಿ ಪಕ್ಷ ಶೇ 34ರಷ್ಟು ಮತ ಪಡೆದು ಇಟಲಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಇದೆಲ್ಲ ನಂಬಿಕೆಯಿಲ್ಲದವರ ಆಟ, ನಿಜವಾದ ಭಕ್ತರು ಇದಕ್ಕೆ ಮರುಳಾಗುವುದಿಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಬಿಳಿಯ ಇವ್ಯಾಂಜೆಲಿಕಲ್ ಮತದಾರರಲ್ಲಿ ಹತ್ತಕ್ಕೆ ಎಂಟು ಮಂದಿ ಡೊನಾಲ್ಡ್ ಟ್ರಂಪ್ ಬೆನ್ನಿಗೆ ನಿಂತಿದ್ದಾರೆ. ಅವರಲ್ಲಿ ಭಾನುವಾರದ ಪ್ರಾರ್ಥನೆ ತಪ್ಪಿಸದವರು ಬೇಕಾದಷ್ಟಿದ್ದಾರೆ. ಭಕ್ತಿಯೊಂದೇ ಕಾಪಾಡುವುದಿಲ್ಲ. ಧರ್ಮಪೀಠದಲ್ಲಿ ಕುಳಿತವರು ಬಾಯಿ ಬಿಡಬೇಕು, ಅದಕ್ಕೆ ತಗಲುವ ಬೆಲೆಯನ್ನೂ ತೆರಬೇಕು.

ಹಂಗರಿಯಲ್ಲಿ ಆ ಬೆಲೆ ಎಷ್ಟೆಂಬುದು ಕಂಡಿದೆ. ವಿಕ್ಟರ್ ಓರ್ಬಾನ್ ಸರ್ಕಾರ 2011ರಲ್ಲಿ ತಂದ ಹೊಸ ಸಂವಿಧಾನ ರಾಷ್ಟ್ರವನ್ನು ಉಳಿಸುವಲ್ಲಿ ಕ್ರೈಸ್ತಧರ್ಮದ ಪಾತ್ರವನ್ನು ಕೊಂಡಾಡಿತು. ಅದೇ ವರ್ಷದ ಇನ್ನೊಂದು ಕಾನೂನು ನೂರಾರು ಧಾರ್ಮಿಕ ಸಮುದಾಯಗಳ ಮಾನ್ಯತೆ ಕಿತ್ತುಕೊಂಡಿತು. ಅವುಗಳಲ್ಲಿ ಮನೆಯಿಲ್ಲದ ಬಡವರಿಗೆ ಆಸರೆ ನಡೆಸುವ ಪಾದ್ರಿ ಗಾಬೊರ್ ಇವಾನಿಯವರದೂ ಒಂದು. ಓರ್ಬಾನ್ ಅವರ ಮಕ್ಕಳಿಬ್ಬರಿಗೆ ದೀಕ್ಷಾಸ್ನಾನ ಮಾಡಿಸಿದ್ದ ಪಾದ್ರಿಯೇ ಇವರು; ಆಮೇಲೆ ಸರ್ಕಾರವನ್ನು ಟೀಕಿಸಿದವರು. ಶಾಲೆಗಳಿಗೂ ಕಟ್ಟಡಗಳ ಜೀರ್ಣೋದ್ಧಾರಕ್ಕೂ ಬೊಕ್ಕಸದ ಹಣ ಪಡೆದ ದೊಡ್ಡ ಚರ್ಚುಗಳು ಬಹುಮಟ್ಟಿಗೆ ತುಟಿ ಬಿಚ್ಚಲಿಲ್ಲ.

ಜರ್ಮನಿಯ ಚರ್ಚು ಬೇರೆ ದಾರಿ ಹಿಡಿಯಿತು. 2015ರ ಜನವರಿಯಲ್ಲಿ ಪೆಗಿಡಾ ಬೆಂಬಲಿಗರು ಕಲೋನಿಗೆ ಬಂದಾಗ ಅಲ್ಲಿನ ಮಹಾ ಚರ್ಚು ತನ್ನ ದೀಪಗಳನ್ನೆಲ್ಲ ಆರಿಸಿತು: ನಿಮ್ಮ ಫೋಟೊಗೆ ನಾವು ಹಿನ್ನೆಲೆಯಾಗುವುದಿಲ್ಲ ಎಂದಂತೆ. 2024ರ ಫೆಬ್ರವರಿಯಲ್ಲಿ ಕ್ಯಾಥೊಲಿಕ್ ಬಿಷಪರು ಒಮ್ಮತದಿಂದ, ಜನಾಂಗೀಯ ರಾಷ್ಟ್ರವಾದಕ್ಕೂ ಕ್ರೈಸ್ತಧರ್ಮಕ್ಕೂ ಹೊಂದಿಕೆಯಾಗದು, ತೀವ್ರ ಬಲಪಂಥದ ‘ಎಎಫ್‌ಡಿ’ ಪಕ್ಷ ಕ್ರೈಸ್ತರು ಮತ ಹಾಕಲು ತಕ್ಕದ್ದಲ್ಲ ಎಂದು ಸಾರಿದರು. ವರ್ಷ ಕಳೆಯುವಷ್ಟರಲ್ಲಿ ಅದೇ ಪಕ್ಷ ಶೇ 20.8ರಷ್ಟು ಮತ ಗಳಿಸಿ ದೇಶದ ಎರಡನೇ ದೊಡ್ಡ ಪಕ್ಷವಾಯಿತು. ಹಾಗೆಂದು ಬಿಷಪರ ಮಾತು ವ್ಯರ್ಥವಾಯಿತೆನ್ನಲಾಗದು. ಮತಗಳನ್ನು ತಡೆಯುವುದು ಅವರ ಕೈಲಿಲ್ಲ, ಆ ಮತಗಳಿಗೆ ದೇವರ ಮುದ್ರೆ ಒತ್ತದಿರುವುದು ಮಾತ್ರ ಅವರ ಕೈಲೇ ಇದೆ. ಯಾವ ಧರ್ಮದ ಪೀಠದಲ್ಲಿ ಕುಳಿತವರಿಗೂ ಇಷ್ಟು ಸಾಧ್ಯ. ಇಷ್ಟನ್ನೂ ಮಾಡದವರು ತಮ್ಮ ಧರ್ಮವನ್ನು ಯಾರೋ ಕದ್ದರೆಂದು ಆಮೇಲೆ ದೂರುವಂತಿಲ್ಲ.