ಒಂದರ ಸಾಲು

ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣವೇರಿಸಿದ ಬೊಂಬೆಗಳಲ್ಲಿ ಒಂದೇ ಅಳತೆಯ ಆರನ್ನು ಸಾಲಾಗಿ ನಿಲ್ಲಿಸಿ, ಒಂದೊಂದು ಬೊಂಬೆಯೂ 1 ಎಂಬ ಅಂಕಿಯೆಂದು ಭಾವಿಸಿದರೆ, ಆ ಸಾಲು 1,11,111 ಎಂಬ ಸಂಖ್ಯೆಯಾಗುತ್ತದೆ. ಆರು ಬೊಂಬೆಗಳನ್ನು ಮೂರು ಮೂರರ ಎರಡು ಗುಂಪು ಮಾಡಬಹುದಷ್ಟೆ? ಅದೇ ಕಾರಣದಿಂದ ಆ ಸಂಖ್ಯೆಯೂ 111ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಭಾಗಲಬ್ಧ 1001. ಸಾಲು ಸಮನಾದ ಗುಂಪುಗಳಾಗಿ ಒಡೆದರೆ ಸಂಖ್ಯೆಯೂ ಒಡೆಯುತ್ತದೆ. ಆದುದರಿಂದ, ಒಂದರಿಂದಲೂ ತನ್ನಿಂದಲೂ ಹೊರತು ಬೇರಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ ಇಂಥ ಸಾಲಿನಲ್ಲಿ ದೊರೆಯಬೇಕಾದರೆ, ಬೊಂಬೆಗಳ ಎಣಿಕೆಯೇ ಮೊದಲು ಅವಿಭಾಜ್ಯವಾಗಿರಬೇಕು.

ಈ ಒಂದರ ಸಾಲು ಕನ್ನಡ ನಾಡಿಗೆ ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ 1,52,207ನ್ನು 73ರಿಂದ ಗುಣಿಸಲು ಹೇಳುತ್ತಾನೆ. ಗುಣಲಬ್ಧ ಎಂಟು ಒಂದುಗಳು! ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಫಲಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸಿದನು. ಶಿಷ್ಯರಿಗೆ ಗುಣಾಕಾರ ತರುವ ಬೇಸರವನ್ನು ಬಲ್ಲ ಗುರು ಅವನಿರಬೇಕು.

ಆದರೆ ಎಣಿಕೆ ಅವಿಭಾಜ್ಯವಾದ ಮಾತ್ರಕ್ಕೆ ಸಾಲದು. ಮೂರು ಒಂದುಗಳು 37ರ ಮೂರರಷ್ಟು, ಐದು ಒಂದುಗಳು 41 ಮತ್ತು 271ರ ಗುಣಲಬ್ಧ, ಏಳೂ ಒಡೆಯುತ್ತದೆ. 11ರ ತರುವಾಯ ಒಡೆಯದ ಸಾಲು ಹತ್ತೊಂಬತ್ತು ಒಂದುಗಳದು. ಇದನ್ನು ಭಾಗಾಕಾರದಿಂದಲೇ ಪರೀಕ್ಷಿಸಹೊರಟವನು ನೂರೈದು ಕೋಟಿಯವರೆಗಿನ ಅವಿಭಾಜ್ಯಗಳನ್ನೆಲ್ಲ ಒಂದೊಂದಾಗಿ ಪ್ರಯೋಗಿಸಬೇಕು. ಅಂಥವು ಐದು ಕೋಟಿಗೂ ಮಿಗಿಲು. ನಿಮಿಷಕ್ಕೊಂದರಂತೆ ಹಗಲಿರುಳೆನ್ನದೆ ಕುಳಿತರೂ ನೂರು ವರ್ಷ ಹಿಡಿದೀತು.

ಆದ್ದರಿಂದ ಗಣಿತಜ್ಞರು ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ತೋರಿದ ಅಡ್ಡದಾರಿಯನ್ನು ಹಿಡಿಯುತ್ತಾರೆ. ಎರಡನ್ನು ಬಿಟ್ಟು ಯಾವ ಅವಿಭಾಜ್ಯವನ್ನು ಕೊಂಡರೂ, ಅದಕ್ಕಿಂತ ಒಂದು ಕಡಮೆಯಾದಷ್ಟು ಸಲ ಎರಡನ್ನು ತನ್ನಿಂದಲೇ ಗುಣಿಸಿ, ಬಂದುದನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಶೇಷ ಒಂದೇ ಉಳಿಯಬೇಕು. ಏಳನ್ನು ಕೊಂಡರೆ, ಆರು ಎರಡುಗಳ ಗುಣಲಬ್ಧ 64. ಏಳೊಂಬತ್ತಲೆ ಅರವತ್ತಮೂರು ಕಳೆದರೆ ಶೇಷ 1. ತೊಡಕೆಂದರೆ, ಈ ಪರೀಕ್ಷೆಯಲ್ಲಿ ಕೆಲವು ಹುಸಿಗಳೂ ತೇರ್ಗಡೆಯಾಗುತ್ತವೆ. 11 ಮತ್ತು 31ರ ಗುಣಲಬ್ಧವಾದ 341 ಅಂಥದೊಂದು. ‘ಇರಬಹುದು’ ಎಂಬುದಕ್ಕೂ ‘ಹೌದು’ ಎಂಬುದಕ್ಕೂ ನಡುವಣ ಅಂತರವನ್ನು ಗಣಿತದಷ್ಟು ನಿಷ್ಠುರವಾಗಿ ಎಣಿಸುವ ಶಾಸ್ತ್ರ ಮತ್ತೊಂದಿಲ್ಲ.

ಹತ್ತೊಂಬತ್ತರ ಬಳಿಕ ಇಪ್ಪತ್ತಮೂರು, ಆಮೇಲೆ 317, ಅನಂತರ 1,031 ಒಂದುಗಳ ಸಾಲುಗಳು ಅವಿಭಾಜ್ಯಗಳು. ಮುಂದಿನದು 49,081ರ ಸಾಲು. ಅದು ಅವಿಭಾಜ್ಯವಿರಬಹುದೆಂಬ ಸೂಚನೆ 1999ರಲ್ಲಿಯೇ ದೊರೆತಿದ್ದರೂ, ಯಂತ್ರಗಣಕಗಳ ನೆರವಿನಿಂದ ಅದು ಸಿದ್ಧವಾದದ್ದು 2022ರಲ್ಲಿ. ಮರುವರ್ಷವೇ 86,453 ಒಂದುಗಳ ಸಾಲೂ ಸಿದ್ಧವಾಯಿತು. ಇಂಥವು ಅನಂತವಾಗಿವೆಯೆಂದು ಹಲವರ ನಂಬಿಕೆ. ಸಾಧಿಸಿದವರು ಯಾರೂ ಇಲ್ಲ.

ಗೇಣಿಗೊಂದು ಬೊಂಬೆಯಂತೆ ಚನ್ನಪಟ್ಟಣದಿಂದ ಬೆಂಗಳೂರಿನ ರಸ್ತೆಯುದ್ದಕ್ಕೂ ನಿಲ್ಲಿಸುತ್ತ ಬಂದರೆ, ಮೊದಲನೆಯ ಸಾಲು ರಾಮನಗರದ ಹತ್ತಿರಕ್ಕೆ ಬಂದು ಮುಗಿಯುತ್ತದೆ. ಎರಡನೆಯದು ಊರನ್ನು ದಾಟಿ ಬಿಡದಿಯ ಹಾದಿಯನ್ನು ಹಿಡಿಯುತ್ತದೆ.